ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ಸೀಮೆಯ ಸಾಂಪ್ರದಾಯಿಕ ಉಡುಪು

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ಸೀಮೆಯ ಸಾಂಪ್ರದಾಯಿಕ ಉಡುಪು ಎಂದರೆ ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಈ ಮೂರು ತಾಲೂಕುಗಳಲ್ಲಿ ಬಾಳುವ ಹವ್ಯಕರು, ದೀವರು, ಸಿದ್ದಿಗಳು, ಗೌಳಿಗರು ಮೊದಲಾದ ಸಮುದಾಯಗಳು ಪರಂಪರೆಯಿಂದ ಧರಿಸುತ್ತ ಬಂದ ಉಡುಗೆ, ತೊಡುಗೆ ಮತ್ತು ಅಲಂಕಾರಗಳ ಒಟ್ಟು ರೂಪ. ಇಡೀ ಸೀಮೆಗೆ ಸಲ್ಲುವ ಒಂದೇ ಉಡುಪು ಇಲ್ಲಿ ಎಂದೂ ಇರಲಿಲ್ಲ. ಮಳೆ ಮತ್ತು ತೋಟದ ಕೆಲಸ ಎಲ್ಲ ಸಮುದಾಯಗಳಿಗೂ ಕೆಲವು ಸಮಾನ ಉಡುಪುಗಳನ್ನು ನೀಡಿದರೆ, ಜಾತಿ, ಕಸುಬು ಮತ್ತು ಮಡಿಯ ನಿಯಮಗಳು ಅವುಗಳಲ್ಲಿ ಭೇದಗಳನ್ನು ಉಂಟುಮಾಡಿದವು. ಇಪ್ಪತ್ತನೆಯ ಶತಮಾನದಲ್ಲಿ ದಿನಬಳಕೆಯ ಉಡುಪು ಬಹುಮಟ್ಟಿಗೆ ಬದಲಾಯಿತು. ಹಳೆಯ ರೂಪಗಳು ಈಗ ಮದುವೆ, ಪೂಜೆ, ಜಾತ್ರೆ ಮತ್ತು ರಂಗದ ಮೇಲೆ ಹೆಚ್ಚಾಗಿ ಕಾಣಸಿಗುತ್ತವೆ.

ಭೌಗೋಳಿಕ ಹಿನ್ನೆಲೆ

ಈ ಮೂರು ತಾಲೂಕುಗಳು ಪಶ್ಚಿಮ ಘಟ್ಟದ ನೆತ್ತಿಯಿಂದ ಪೂರ್ವಕ್ಕೆ ಹರಡಿಕೊಂಡಿವೆ. ಪೂರ್ವದಂಚು ಬಯಲುಸೀಮೆಗೆ ತಾಗಿದೆ. ಪಶ್ಚಿಮದಲ್ಲಿ ಘಟ್ಟ ಇಳಿದರೆ ಅಂಕೋಲಾ, ಕುಮಟಾ ಮತ್ತು ಹೊನ್ನಾವರದ ಕರಾವಳಿ. ಹೆಚ್ಚಿನ ಭಾಗಗಳಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಅಧಿಕ ಮಳೆಯಾಗುತ್ತದೆ. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಕಣಿವೆಗಳಲ್ಲಿ ಅಡಿಕೆ ತೋಟ, ಬಯಲಿನಲ್ಲಿ ಭತ್ತದ ಗದ್ದೆ, ಅವುಗಳ ಮೇಲೆ ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನ ಬೆಟ್ಟ, ಅದರಾಚೆ ದಟ್ಟ ಕಾಡು, ಇದು ಇಲ್ಲಿನ ನೆಲದ ಸಾಮಾನ್ಯ ವಿನ್ಯಾಸ. ಉಡುಪಿನ ಅಗತ್ಯಗಳು ಈ ನಾಲ್ಕು ನೆಲೆಗಳಿಂದಲೇ ಹುಟ್ಟಿವೆ.

ಕದಂಬರ ರಾಜಧಾನಿಯಾಗಿದ್ದ ಬನವಾಸಿ ಶಿರಸಿ ತಾಲೂಕಿನಲ್ಲಿದೆ. ಮುಂದೆ ಸೋಂದೆಯ ಅರಸರು ಈ ಪ್ರದೇಶವನ್ನು ಆಳಿದರು. ಹದಿನೆಂಟನೆಯ ಶತಮಾನದಲ್ಲಿ ಆ ಸಂಸ್ಥಾನ ಹೈದರಾಲಿಯ ವಶವಾಯಿತು. ಬ್ರಿಟಿಷರ ಕಾಲದಲ್ಲಿ ಮೊದಲು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಲಾಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು.

ಬಟ್ಟೆಯ ಮೂಲ

ಅಧಿಕ ಮಳೆಯ ಈ ಪ್ರದೇಶ ಹತ್ತಿ ಬೆಳೆಗೆ ಒಗ್ಗುವುದಿಲ್ಲ, ಕುರಿಸಾಕಣೆಗೂ ಅನುಕೂಲವಲ್ಲ. ಆದ್ದರಿಂದ ಸೀರೆ, ಪಂಚೆ, ಕಂಬಳಿ ಮೂರೂ ಮುಖ್ಯವಾಗಿ ಹೊರಗಿನಿಂದ ಬರಬೇಕಾಗಿತ್ತು. ಕಂಬಳಿಯನ್ನು ಬಯಲುಸೀಮೆಯ ಕುರುಬರು ನೇಯುತ್ತಿದ್ದರು. ಹುಬ್ಬಳ್ಳಿ ಮತ್ತು ಹಾವೇರಿಯ ಕಡೆಯ ಪೇಟೆಗಳಿಂದ ಇಳಕಲ್ ಸೀರೆ, ಕುಪ್ಪಸದ ಖಣ ಹಾಗೂ ಹತ್ತಿಯ ಸಾದಾ ಬಟ್ಟೆಗಳು ಬರುತ್ತಿದ್ದವು. ಅಡಿಕೆ, ಕಾಳುಮೆಣಸು ಮತ್ತು ಏಲಕ್ಕಿ ಮಾರಿದ ಹಣದಲ್ಲಿ ವರ್ಷಕ್ಕೊಮ್ಮೆ ಮನೆಮಂದಿಗೆಲ್ಲ ಬಟ್ಟೆ ಕೊಳ್ಳುವುದು ರೂಢಿಯಾಗಿತ್ತು.

ಹತ್ತಿ ಬೆಳೆಯದಿದ್ದರೂ ಹತ್ತಿಯ ವ್ಯಾಪಾರದ ದಾರಿ ಈ ಸೀಮೆಯ ಮೂಲಕವೇ ಹಾದುಹೋಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಪ್ರದೇಶದ ಹತ್ತಿ ಘಟ್ಟ ಇಳಿದು ಕುಮಟಾ ಬಂದರನ್ನು ಸೇರಿ, ಅಲ್ಲಿಂದ ಹಡಗಿನಲ್ಲಿ ಸಾಗುತ್ತಿತ್ತು. ಹೊರದೇಶಗಳ ಮಾರುಕಟ್ಟೆಯಲ್ಲಿ ಆ ಹತ್ತಿಗೆ ಕುಮಟಾದ ಹೆಸರೇ ನಿಂತಿತು. ದೇವಿಮನೆ ಘಟ್ಟದ ಮೂಲಕ ಶಿರಸಿಯಿಂದ ಕುಮಟಾಕ್ಕೆ, ಅರಬೈಲು ಘಟ್ಟದ ಮೂಲಕ ಯಲ್ಲಾಪುರದಿಂದ ಅಂಕೋಲಾಕ್ಕೆ ಇಳಿಯುವ ಮಾರ್ಗಗಳು ಈ ವ್ಯಾಪಾರಕ್ಕೆ ಮುಖ್ಯವಾಗಿದ್ದವು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಭಾರತದ ಹತ್ತಿಗೆ ಬೇಡಿಕೆ ಏರಿತು. ಜಿಲ್ಲೆಯನ್ನು ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಿದ ಕಾರಣಗಳಲ್ಲಿ ಕಾರವಾರ ಬಂದರನ್ನು ಈ ವ್ಯಾಪಾರಕ್ಕಾಗಿ ಅಭಿವೃದ್ಧಿಪಡಿಸುವ ಉದ್ದೇಶವೂ ಒಂದಾಗಿತ್ತು. ಮುಂದೆ ಗಿರಣಿ ಬಟ್ಟೆ ಅಗ್ಗವಾದಂತೆ ಇಲ್ಲಿನ ಉಡುಪೂ ನಿಧಾನವಾಗಿ ಕೈಮಗ್ಗದಿಂದ ಗಿರಣಿಯ ಕಡೆಗೆ ಹೊರಳಿತು.

ಮಳೆಗಾಲ ಮತ್ತು ದುಡಿಮೆಯ ಉಡುಪು

ಸಮುದಾಯಗಳ ಭೇದವನ್ನು ಮೀರಿ ಎಲ್ಲರೂ ಬಳಸುತ್ತಿದ್ದದ್ದು ಮಳೆಗಾಲದ ಉಡುಪು.

ಕಂಬಳಿಕೊಪ್ಪೆ: ಕುರಿಯ ಉಣ್ಣೆಯ ಕಂಬಳಿಯ ಒಂದು ತುದಿಯನ್ನು ಮಡಚಿ, ತ್ರಿಕೋನಾಕಾರದ ಕುಲಾವಿಯಂತೆ ತಲೆಯ ಮೇಲೆ ಇಟ್ಟುಕೊಂಡು, ಉಳಿದ ಭಾಗವನ್ನು ಬೆನ್ನಿನ ಮೇಲೆ ಮೀನಖಂಡದವರೆಗೆ ಇಳಿಬಿಡುವುದನ್ನು ಕೊಪ್ಪೆ ಹಾಕುವುದು ಎನ್ನುತ್ತಾರೆ. ಇದಕ್ಕೆ ಹೊಲಿಗೆಯಿಲ್ಲ. ಹೊರಮೈ ನೆನೆದರೂ ಉಣ್ಣೆಯ ಒಳಮೈ ಬೆಚ್ಚಗಿರುತ್ತದೆ. ನೆನೆದ ಕಂಬಳಿಯನ್ನು ರಾತ್ರಿ ಒಲೆಯ ಮೇಲಿನ ಅಟ್ಟದ ಬಿಸಿಗೆ ಒಣಹಾಕಿದರೆ ಮರುದಿನ ಮತ್ತೆ ಬಳಸಬಹುದು. ಇದೇ ಕಂಬಳಿ ಕೂರಲು ಹಾಸಾಗಿಯೂ, ರಾತ್ರಿ ಹೊದಿಕೆಯಾಗಿಯೂ ಒದಗುತ್ತಿತ್ತು. ಗದ್ದೆ ಉಳುವವರು, ದನ ಕಾಯುವವರು, ತೋಟದ ಒಡೆಯರು ಎಲ್ಲರೂ ಕೊಪ್ಪೆ ಧರಿಸುತ್ತಿದ್ದರು.

ಗೊರಬು: ಬಿದಿರಿನ ಸೀಳುಗಳ ಎರಡು ಪದರಗಳ ನಡುವೆ ಅಗಲವಾದ ಎಲೆಗಳನ್ನು ಒತ್ತಾಗಿ ಜೋಡಿಸಿ ಹೆಣೆಯುವ ಮಳೆಗವಚ ಇದು. ಮಗುಚಿದ ದೋಣಿಯ ಆಕಾರದಲ್ಲಿದ್ದು, ತಲೆಯಿಂದ ಸೊಂಟದವರೆಗೆ ಬೆನ್ನನ್ನು ಮುಚ್ಚುತ್ತದೆ. ಸಸಿ ನೆಡುವ ಮಹಿಳೆಯರು ಗಂಟೆಗಟ್ಟಲೆ ಬಗ್ಗಿಯೇ ಇರಬೇಕಾಗುವುದರಿಂದ ಕೊಡೆ ಅವರಿಗೆ ಪ್ರಯೋಜನಕ್ಕೆ ಬಾರದು. ಗೊರಬು ಎರಡೂ ಕೈಗಳನ್ನು ಕೆಲಸಕ್ಕೆ ಬಿಟ್ಟುಕೊಡುತ್ತದೆ.

ಹಾಳೆಟೊಪ್ಪಿ: ಅಡಿಕೆ ಮರದಿಂದ ಉದುರಿದ ಹಾಳೆಯನ್ನು ನೀರಿನಲ್ಲಿ ನೆನೆಸಿ ಮೆದುಮಾಡಿ, ಮಡಚಿ ಹೊಲಿದ ಟೊಪ್ಪಿ. ಸೊಪ್ಪಿನ ಹೊರೆ, ಗೊಬ್ಬರದ ಬುಟ್ಟಿ ಅಥವಾ ಅಡಿಕೆಯ ಗೊನೆ ಹೊರುವಾಗ ತಲೆಗೆ ಮೆತ್ತೆಯಾಗಿಯೂ, ಕಸ ಮತ್ತು ನೀರಿನಿಂದ ರಕ್ಷಣೆಯಾಗಿಯೂ ಇದನ್ನು ಧರಿಸುತ್ತಾರೆ. ದಕ್ಷಿಣ ಕನ್ನಡದಲ್ಲಿ ಇಂಥದ್ದೇ ಟೊಪ್ಪಿಗೆ ಮುಟ್ಟಾಳೆ ಎಂಬ ಹೆಸರಿದೆ.

ಕೊನೆಗೌಡನ ಉಡುಪು: ಅಡಿಕೆ ಮರ ಏರಿ ಕೊನೆ ಕೊಯ್ಯುವ ಮತ್ತು ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧ ಸಿಂಪಡಿಸುವ ಕುಶಲ ಕೆಲಸಗಾರನನ್ನು ಈ ಸೀಮೆಯಲ್ಲಿ ಕೊನೆಗೌಡ ಎಂದು ಕರೆಯುತ್ತಾರೆ. ಕಾಲಿಗೆ ಸಿಕ್ಕದಂತೆ ಬಿಗಿಯಾಗಿ ಕಟ್ಟಿದ ತುಂಡುಬಟ್ಟೆ, ಸೊಂಟದ ಹಗ್ಗಕ್ಕೆ ಕತ್ತಿಯನ್ನು ಸಿಕ್ಕಿಸುವ ಕೊಕ್ಕೆ, ಪಾದಗಳನ್ನು ಮರಕ್ಕೆ ಒತ್ತಿಹಿಡಿಯಲು ಎರಡೂ ಕಾಲುಗಳನ್ನು ಕೂಡಿಸುವ ಬಳ್ಳಿಯ ತಳೆ, ಇವು ಅವನ ಸಾಂಪ್ರದಾಯಿಕ ಸಜ್ಜು. ಇಲ್ಲಿ ಉಡುಪು ಮತ್ತು ಸಲಕರಣೆಗಳ ನಡುವಿನ ಗೆರೆ ಅಳಿಸಿಹೋಗಿದೆ.

ಹವ್ಯಕರ ಉಡುಪು

ಹವ್ಯಕ ಬ್ರಾಹ್ಮಣರು ಈ ಮೂರು ತಾಲೂಕುಗಳಲ್ಲಿ ಅಡಿಕೆ ಕೃಷಿಯನ್ನು ಅವಲಂಬಿಸಿದ ಪ್ರಮುಖ ಸಮುದಾಯ. ಪುರುಷರು ತೋಟದ ಕೆಲಸಕ್ಕೆ ಮೊಣಕಾಲಿನವರೆಗಿನ ತುಂಡುಪಂಚೆ ಉಟ್ಟು, ಹೆಗಲಿಗೆ ಒಂದು ಸಣ್ಣ ವಸ್ತ್ರ ಹಾಕಿಕೊಳ್ಳುತ್ತಿದ್ದರು. ಪೇಟೆಗೆ ಅಥವಾ ನೆಂಟರ ಮನೆಗೆ ಹೋಗುವಾಗ ಉದ್ದ ಪಂಚೆ ಮತ್ತು ಶಾಲು ಧರಿಸುತ್ತಿದ್ದರು. ಅಂಗಿ ದಿನಬಳಕೆಗೆ ಬಂದದ್ದು ತಡವಾಗಿ. ಪೂಜೆ, ಶ್ರಾದ್ಧ ಮತ್ತು ಭೋಜನದ ಸಂದರ್ಭಗಳಲ್ಲಿ ಮಡಿ ಉಡುವುದು ಕಡ್ಡಾಯವಾಗಿತ್ತು. ತೊಳೆದ ಬಳಿಕ ಯಾರೂ ಮುಟ್ಟದಂತೆ ಎತ್ತರದ ಗಳುವಿನ ಮೇಲೆ ಒಣಗಿಸಿದ ಹತ್ತಿಯ ಬಟ್ಟೆ ಅಥವಾ ರೇಷ್ಮೆಯ ಪಟ್ಟೆಮಡಿಯನ್ನು ಇದಕ್ಕೆ ಬಳಸುತ್ತಾರೆ. ಮಠ ಮತ್ತು ದೇವಾಲಯಗಳಲ್ಲಿ ಪೂಜೆಗೆ ಕೂರುವ ಪುರುಷರು ಅಂಗಿ ಕಳಚಿ ಶಾಲು ಹೊದೆಯುವ ರೂಢಿ ಇಂದಿಗೂ ಇದೆ. ಉಪನಯನದಲ್ಲಿ ವಟುವಿಗೆ ಜನಿವಾರದೊಡನೆ ಕೌಪೀನ, ಮೌಂಜಿ ಮತ್ತು ದಂಡವನ್ನು ಕೊಡುತ್ತಾರೆ.

ಮಹಿಳೆಯರು ದಿನನಿತ್ಯ ಹತ್ತಿಯ ಸೀರೆ, ಮುಂದೆ ಗಂಟು ಹಾಕುವ ಕುಪ್ಪಸ ಧರಿಸುತ್ತಿದ್ದರು. ಕೊಟ್ಟಿಗೆ, ತೋಟ ಮತ್ತು ಅಡಿಕೆ ಸುಲಿಯುವ ಕೆಲಸಗಳಲ್ಲಿ ನೆರಿಗೆಯನ್ನು ಮೇಲೆತ್ತಿ, ಸೆರಗನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದರು. ಮದುವೆಯಲ್ಲಿ ವಧುವಿಗೆ ಉಡಿಸುವ ಧಾರೆ ಸೀರೆಗೆ ವಿಶೇಷ ಗೌರವವಿದೆ; ಅದನ್ನು ಜೋಪಾನವಾಗಿ ಎತ್ತಿಟ್ಟು, ಮುಂದಿನ ಶುಭಕಾರ್ಯಗಳಲ್ಲಿ ಉಡುತ್ತಾರೆ. ಹೆಣ್ಣುಮಕ್ಕಳು ತವರಿನಿಂದ ಹೊರಡುವಾಗ ಅಕ್ಕಿ, ತೆಂಗಿನಕಾಯಿ, ಖಣಗಳಿಂದ ಉಡಿ ತುಂಬುವ ಪದ್ಧತಿಯೂ ಸೀರೆಯ ಸೆರಗನ್ನು ಆಶ್ರಯಿಸಿದೆ.

ಇದೇ ಪರಂಪರೆಯಲ್ಲಿ ಕಠಿಣವಾದ ಒಂದು ಅಧ್ಯಾಯವೂ ಇದೆ. ಕರ್ನಾಟಕದ ಇತರ ಬ್ರಾಹ್ಮಣ ಸಮುದಾಯಗಳಲ್ಲಿದ್ದಂತೆ ಇಲ್ಲಿಯೂ ವಿಧವೆಯರು ತಲೆ ಬೋಳಿಸಿಕೊಂಡು, ಕುಪ್ಪಸ, ಕುಂಕುಮ, ಬಳೆ, ಹೂವುಗಳನ್ನು ತ್ಯಜಿಸಿ, ಅಂಚಿಲ್ಲದ ಕೆಂಪು ಸೀರೆಯನ್ನು ತಲೆಯ ಮೇಲೆ ಹೊದ್ದು ಬಾಳಬೇಕಿತ್ತು. ಬಾಲ್ಯವಿವಾಹ ಪ್ರಚಲಿತವಿದ್ದ ಕಾಲದಲ್ಲಿ ಹತ್ತು ಹನ್ನೆರಡರ ಬಾಲಕಿಯರೂ ಈ ಉಡುಪಿಗೆ ಒಳಗಾದದ್ದುಂಟು. ಸಮಾಜ ಸುಧಾರಣೆ ಮತ್ತು ಶಿಕ್ಷಣದ ಪ್ರಭಾವದಿಂದ ಇಪ್ಪತ್ತನೆಯ ಶತಮಾನದಲ್ಲಿ ಈ ಪದ್ಧತಿ ಅಳಿಯಿತು. ಉಡುಪಿನ ಪರಂಪರೆಯೆಂದರೆ ಅಲಂಕಾರದ ಪರಂಪರೆ ಮಾತ್ರವಲ್ಲ ಎಂಬುದಕ್ಕೆ ಕೆಂಪು ಸೀರೆ ಸ್ಪಷ್ಟ ನಿದರ್ಶನ.

ದೀವರ ಉಡುಪು ಮತ್ತು ಹಸೆ ಚಿತ್ತಾರ

ಸಿದ್ದಾಪುರ ತಾಲೂಕು ಹಾಗೂ ನೆರೆಯ ಸಾಗರ, ಸೊರಬ ತಾಲೂಕುಗಳಲ್ಲಿ ದೀವರು ಹೆಚ್ಚಿನ ಸಂಖ್ಯೆಯಲ್ಲಿದ್ದಾರೆ. ಉತ್ತರ ಕನ್ನಡದಲ್ಲಿ ಇವರಿಗೆ ನಾಮಧಾರಿ ಎಂಬ ಹೆಸರೂ ಇದೆ. ಭತ್ತದ ಬೇಸಾಯ ಇವರ ಮುಖ್ಯ ವೃತ್ತಿ. ಗದ್ದೆಯ ಕೆಸರಿಗೆ ತಾಗದಂತೆ ಸೀರೆಯನ್ನು ಮೊಣಕಾಲಿನ ಕೆಳಗಷ್ಟೇ ಇಳಿಬಿಟ್ಟು, ಮೇಲಿನ ತುದಿಯನ್ನು ಹೆಗಲ ಬಳಿ ಗಂಟು ಹಾಕಿ ಉಡುವುದು ಹಿರಿಯ ಮಹಿಳೆಯರ ಕ್ರಮವಾಗಿತ್ತು. ಹೀಗೆ ಗಂಟು ಕಟ್ಟಿ ಉಡುವ ಸೀರೆ ಮಲೆನಾಡಿನಲ್ಲಿ ಗೊಬ್ಬೆ ಸೀರೆ ಎಂದು ಹೆಸರಾಗಿದೆ. ಸೆರಗು ಜಾರದ ಕಾರಣ ಬಗ್ಗಿ ಮಾಡುವ ಕೆಲಸಕ್ಕೆ ಇದು ಅನುಕೂಲ. ಪುರುಷರ ಉಡುಪು ತುಂಡುಪಂಚೆ, ಹೆಗಲ ಮೇಲಿನ ವಸ್ತ್ರ ಮತ್ತು ಕಂಬಳಿ.

ದೀವರ ಅಲಂಕಾರ ಪ್ರಜ್ಞೆ ಮೈಮೇಲಿನ ಬಟ್ಟೆಗಿಂತ ಗೋಡೆ ಮತ್ತು ಬುಟ್ಟಿಗಳ ಮೇಲೆ ಹೆಚ್ಚು ಪ್ರಕಟವಾಗಿದೆ. ಮದುವೆಯ ಮನೆಯ ಗೋಡೆಯ ಮೇಲೆ ಮಹಿಳೆಯರು ಬರೆಯುವ ಹಸೆ ಚಿತ್ತಾರಕ್ಕೆ ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಬಣ್ಣಗಳನ್ನು ಬಳಸುತ್ತಾರೆ. ವಧೂವರರು ತೊಡುವ ಬಾಸಿಂಗವೂ ಈ ಚಿತ್ತಾರದ ಆಕೃತಿಗಳಲ್ಲಿ ಒಂದು. ಹೀಗೆ ಮದುವೆಯ ದಿನ ಮನೆಯೂ ಮದುಮಕ್ಕಳೊಡನೆ ಅಲಂಕೃತವಾಗುತ್ತದೆ. ಭೂಮಿ ಹುಣ್ಣಿಮೆಯಂದು ಗದ್ದೆಗೆ ಒಯ್ಯುವ ಬುಟ್ಟಿಗಳ ಮೇಲೂ ಇದೇ ಬಗೆಯ ಚಿತ್ತಾರ ಬರೆಯಲಾಗುತ್ತದೆ.

ಸಿದ್ದಿಗಳ ಉಡುಪು ಮತ್ತು ಕವಂದಿ

ಸಿದ್ದಿಗಳು ಆಫ್ರಿಕಾ ಮೂಲದ ಸಮುದಾಯ. ಶತಮಾನಗಳ ಹಿಂದೆ ಅರಬ್ ಮತ್ತು ಪೋರ್ಚುಗೀಸ್ ವ್ಯಾಪಾರದ ಮೂಲಕ ಭಾರತದ ಪಶ್ಚಿಮ ಕರಾವಳಿಗೆ ಇವರ ಪೂರ್ವಜರನ್ನು ತರಲಾಯಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಮತ್ತು ಬಿಡುಗಡೆಯಾದವರು ಘಟ್ಟದ ಕಾಡುಗಳಲ್ಲಿ ನೆಲೆಸಿದರು. ಯಲ್ಲಾಪುರ, ಹಳಿಯಾಳ ಮತ್ತು ಮುಂಡಗೋಡ ತಾಲೂಕುಗಳಲ್ಲಿ ಇವರ ವಸತಿ ಹೆಚ್ಚು. ಶಿರಸಿ, ಅಂಕೋಲಾ ತಾಲೂಕುಗಳಲ್ಲಿಯೂ ಇದ್ದಾರೆ. ಇವರಲ್ಲಿ ಹಿಂದೂ, ಮುಸ್ಲಿಂ ಮತ್ತು ಕ್ರೈಸ್ತ ಧರ್ಮೀಯರಿದ್ದಾರೆ. 2003ರಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಇವರನ್ನು ಸೇರಿಸಲಾಯಿತು.

ಸಿದ್ದಿಗಳ ದಿನಬಳಕೆಯ ಉಡುಪಿನಲ್ಲಿ ಆಫ್ರಿಕಾದ ವಸ್ತ್ರರೂಪಗಳು ಉಳಿದಿಲ್ಲ. ಮಹಿಳೆಯರು ನೆರೆಹೊರೆಯವರಂತೆ ಸೀರೆ ಉಡುತ್ತಾರೆ. ಪುರುಷರು ಲುಂಗಿ, ಪಂಚೆ, ಅಂಗಿ ಧರಿಸುತ್ತಾರೆ. ಡಮಾಮಿ ವಾದ್ಯದೊಡನೆ ನಡೆಯುವ ಕುಣಿತವನ್ನು ಸರ್ಕಾರಿ ಉತ್ಸವಗಳ ವೇದಿಕೆಯಲ್ಲಿ ಪ್ರದರ್ಶಿಸುವಾಗ ಕಲಾವಿದರು ಸೊಪ್ಪಿನ ಉಡುಗೆ, ನವಿಲುಗರಿ ಮತ್ತು ಮುಖದ ಬಣ್ಣಗಳನ್ನು ಧರಿಸುವುದುಂಟು. ಪ್ರೇಕ್ಷಕರು ಇದನ್ನೇ ಸಿದ್ದಿಗಳ ಮೂಲ ಉಡುಪು ಎಂದು ಭಾವಿಸುವುದು ಸಾಮಾನ್ಯ. ಆದರೆ ಅದು ವೇದಿಕೆಗಾಗಿ ರೂಪುಗೊಂಡ ವೇಷ. ಮನೆಯಂಗಳದಲ್ಲಿ ಡಮಾಮಿ ಬಾರಿಸುವವರು ತಮ್ಮ ನಿತ್ಯದ ಬಟ್ಟೆಯಲ್ಲೇ ಇರುತ್ತಾರೆ.

ವಸ್ತ್ರಕಲೆಯಲ್ಲಿ ಸಿದ್ದಿ ಮಹಿಳೆಯರ ವಿಶಿಷ್ಟ ಕೊಡುಗೆ ಕವಂದಿ. ಉತ್ತರ ಕರ್ನಾಟಕದ ಕೌದಿಯಂತೆ ಇದೂ ಹಳೆಯ ಬಟ್ಟೆಗಳ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆ. ಹಳೆಯ ಸೀರೆಯೊಂದನ್ನು ಅಡಿಪದರವಾಗಿ ಹಾಸಿ, ಹರಿದ ಸೀರೆ, ಅಂಗಿ, ಲಂಗಗಳಿಂದ ಕತ್ತರಿಸಿದ ಬಣ್ಣಬಣ್ಣದ ತುಂಡುಗಳನ್ನು ಅದರ ಮೇಲೆ ಇಟ್ಟು, ಓಡುಹೊಲಿಗೆಯಿಂದ ಕೂಡಿಸುತ್ತಾರೆ. ಹೊಲಿಗೆ ಅಂಚಿನಿಂದ ಆರಂಭವಾಗಿ, ಸುತ್ತು ಹಾಕುತ್ತ ನಡುವಿಗೆ ಬಂದು ಮುಗಿಯುತ್ತದೆ. ಮೊದಲೇ ಗೀಚಿದ ನಕ್ಷೆ ಇರುವುದಿಲ್ಲ. ಯಾವ ತುಂಡಿನ ಪಕ್ಕ ಯಾವುದು ಎಂಬುದನ್ನು ಹೊಲಿಯುವವಳು ಆಗಿಂದಾಗ್ಗೆ ನಿರ್ಧರಿಸುತ್ತಾಳೆ. ಕ್ರೈಸ್ತ ಸಿದ್ದಿಗಳ ಕವಂದಿಗಳಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳವುಗಳಲ್ಲಿ ಅರ್ಧಚಂದ್ರದ ಆಕೃತಿಗಳು ಕಾಣಸಿಗುತ್ತವೆ. ನಾಲ್ಕು ಮೂಲೆಗಳಲ್ಲಿ ಮಡಚಿದ ಬಟ್ಟೆಯ ತ್ರಿಕೋನಗಳನ್ನು ಹೊಲಿಯುತ್ತಾರೆ. ಇವಕ್ಕೆ ಫೂಲ, ಅಂದರೆ ಹೂವು ಎಂಬ ಹೆಸರು. ಫೂಲಗಳಿಲ್ಲದ ಕವಂದಿ ಬೆತ್ತಲೆ ಎಂಬುದು ಹೊಲಿಯುವವರ ಭಾವನೆ. ಕವಂದಿಯ ನಡುಭಾಗವನ್ನು ಅದರ ಹೊಟ್ಟೆ ಎಂದು ಬಗೆದು, ಅದು ಖಾಲಿ ಇರಬಾರದೆಂದು ಕೊನೆಯ ತುಂಡಿನೊಳಗೆ ಕೆಲವು ಅಕ್ಕಿಕಾಳುಗಳನ್ನು ಇಟ್ಟು ಹೊಲಿಯುವ ರೂಢಿಯೂ ಇದೆ.

ಕವಂದಿಯನ್ನು ಮುಖ್ಯವಾಗಿ ಮನೆಯ ಬಳಕೆಗೆ, ಅದರಲ್ಲೂ ಮಕ್ಕಳು ಮೊಮ್ಮಕ್ಕಳಿಗಾಗಿ ಹೊಲಿಯಲಾಗುತ್ತಿತ್ತು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಅವರ ಅಧ್ಯಯನ ಮತ್ತು ಪ್ರದರ್ಶನಗಳ ಮೂಲಕ ಇಪ್ಪತ್ತೊಂದನೆಯ ಶತಮಾನದಲ್ಲಿ ಇದು ಹೊರಜಗತ್ತಿಗೆ ಪರಿಚಯವಾಯಿತು. ನಂತರ ಮಹಿಳಾ ಗುಂಪುಗಳು ಮಾರಾಟಕ್ಕಾಗಿಯೂ ಹೊಲಿಯತೊಡಗಿದವು. ಒಂದು ಕುಟುಂಬ ಉಟ್ಟು ಹಳತಾದ ಬಟ್ಟೆಗಳೇ ಕವಂದಿಯ ಸಾಮಗ್ರಿಯಾದ್ದರಿಂದ, ಸೀಮೆಯ ಉಡುಪಿನ ಬದಲಾವಣೆಯೂ ಅದರಲ್ಲಿ ದಾಖಲಾಗುತ್ತದೆ. ಹಳೆಯ ಕವಂದಿಗಳಲ್ಲಿ ಕೈಮಗ್ಗದ ಹತ್ತಿ, ಇತ್ತೀಚಿನವುಗಳಲ್ಲಿ ಪಾಲಿಯೆಸ್ಟರ್ ಸೀರೆ, ಶಾಲೆಯ ಸಮವಸ್ತ್ರ ಮತ್ತು ಚೂಡಿದಾರದ ತುಂಡುಗಳು ಸೇರಿರುವುದು ಸಹಜ.

ಗೌಳಿಗರ ಉಡುಪು

ಎಮ್ಮೆ ಸಾಕಣೆ ಮತ್ತು ಹೈನುಗಾರಿಕೆ ಕುಲಕಸುಬಾಗಿರುವ ಗೌಳಿಗರು ಮಹಾರಾಷ್ಟ್ರದ ಕಡೆಯಿಂದ ಮೇವು ಹುಡುಕುತ್ತ ಬಂದು ಯಲ್ಲಾಪುರ, ಮುಂಡಗೋಡ, ಹಳಿಯಾಳದ ಕಾಡಂಚುಗಳಲ್ಲಿ ನೆಲೆಸಿದವರು. ಮನೆಮಾತು ಮರಾಠಿಯ ಒಂದು ಉಪಭಾಷೆ. ಹಿರಿಯ ಮಹಿಳೆಯರು ಮರಾಠಿ ಸೀಮೆಯಂತೆ ಕಚ್ಚೆ ಹಾಕಿ ಸೀರೆ ಉಡುತ್ತಾರೆ. ಕಾಡಿನಲ್ಲಿ ಎಮ್ಮೆಗಳ ಹಿಂದೆ ನಡೆಯಲು, ಹಾಲು ಹೊತ್ತು ಪೇಟೆಗೆ ಬರಲು ಕಚ್ಚೆ ಸೀರೆ ಅನುಕೂಲ. ಪುರುಷರದು ಧೋತರ, ಬಿಳಿ ಅಂಗಿ, ರುಮಾಲು ಮತ್ತು ಹೆಗಲ ಮೇಲಿನ ಕಂಬಳಿ. ದಸರಾ ಹಬ್ಬದ ಸಾಮೂಹಿಕ ಕುಣಿತದಲ್ಲಿ ಈ ಸಾಂಪ್ರದಾಯಿಕ ಉಡುಪಿಗೆ ಪ್ರಾಧಾನ್ಯ.

ಘಟ್ಟದ ಕೆಳಗಿನ ಹಾಲಕ್ಕಿ ಉಡುಪು

ಹಾಲಕ್ಕಿ ಒಕ್ಕಲಿಗರು ಮುಖ್ಯವಾಗಿ ಕರಾವಳಿಯ ಅಂಕೋಲಾ, ಕುಮಟಾ, ಹೊನ್ನಾವರ, ಕಾರವಾರ ತಾಲೂಕುಗಳವರು. ಘಟ್ಟದ ಮೇಲಿನ ಸೀಮೆಯೊಡನೆ ಇವರಿಗೆ ಕೆಲಸ ಮತ್ತು ವ್ಯಾಪಾರದ ನಂಟು ಇದೆ. ಜಿಲ್ಲೆಯ ಉಡುಪೆಂದು ಹೊರಗೆ ಹೆಚ್ಚು ಪರಿಚಿತವಾಗಿರುವುದೂ ಇವರದೇ. ಹಾಲಕ್ಕಿ ಮಹಿಳೆಯರು ಕುಪ್ಪಸವಿಲ್ಲದೆ, ಸೀರೆಯನ್ನು ಎದೆಯ ಮೇಲಿನಿಂದ ತಂದು ಗಂಟು ಹಾಕಿ, ಭುಜ ಮತ್ತು ಬೆನ್ನಿನ ಮೇಲ್ಭಾಗ ತೆರೆದಿರುವಂತೆ ಉಡುತ್ತಾರೆ. ಕೊರಳ ತುಂಬ ಕರಿಮಣಿ ಮತ್ತು ಬಣ್ಣದ ಮಣಿಗಳ ಹತ್ತಾರು ಎಳೆಗಳನ್ನು ಧರಿಸುತ್ತಾರೆ, ಮೂಗಿಗೆ ಮೂಗುತಿ. ಸುಗ್ಗಿ ಕುಣಿತದಲ್ಲಿ ಪುರುಷರು ಬೆಂಡು ಮತ್ತು ಬಣ್ಣದ ಕಾಗದಗಳಿಂದ ಅಲಂಕರಿಸಿದ ತುರಾಯಿಯನ್ನು ತಲೆಗೆ ಧರಿಸುತ್ತಾರೆ.

ಅಂಕೋಲಾ ತಾಲೂಕಿನ ಇಬ್ಬರು ಮಹಿಳೆಯರು ಈ ಉಡುಪಿಗೆ ರಾಷ್ಟ್ರಮಟ್ಟದ ಗಮನ ತಂದರು. ಜನಪದ ಗಾಯಕಿ ಸುಕ್ರಿ ಬೊಮ್ಮಗೌಡ 2017ರಲ್ಲಿ ಪದ್ಮಶ್ರೀ ಪಡೆದರು. ಸಸ್ಯಜ್ಞಾನಕ್ಕೆ ಹೆಸರಾದ ತುಳಸಿ ಗೌಡ 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ತಮ್ಮ ಎಂದಿನ ಸೀರೆ, ಮಣಿಸರಗಳಲ್ಲಿ, ಬರಿಗಾಲಲ್ಲಿ ನಡೆದುಬಂದು ಪದ್ಮಶ್ರೀ ಸ್ವೀಕರಿಸಿದರು. ತುಳಸಿ ಗೌಡ 2024ರ ಡಿಸೆಂಬರಿನಲ್ಲಿ, ಸುಕ್ರಿ ಬೊಮ್ಮಗೌಡ 2025ರ ಫೆಬ್ರವರಿಯಲ್ಲಿ ನಿಧನರಾದರು. ಅವರ ಪೀಳಿಗೆಯವರಿಗೆ ಇದು ನಿತ್ಯದ ಉಡುಪಾಗಿತ್ತು. ಮೊಮ್ಮಕ್ಕಳ ಪೀಳಿಗೆ ಸಾಮಾನ್ಯವಾಗಿ ಕುಪ್ಪಸ ಸಹಿತ ಸೀರೆ ಅಥವಾ ಚೂಡಿದಾರ ಧರಿಸುತ್ತದೆ.

ಆಭರಣ ಮತ್ತು ಹೂವು

ಅನುಕೂಲಸ್ಥ ಕುಟುಂಬಗಳ ಮಹಿಳೆಯರು ಕಿವಿಗೆ ಬೆಂಡೋಲೆ, ಬುಗುಡಿ. ಮೂಗಿಗೆ ಮೂಗುತಿ, ನತ್ತು. ಕೊರಳಿಗೆ ಕರಿಮಣಿ, ಅವಲಕ್ಕಿ ಸರ, ಗುಂಡಿನ ಸರ. ತೋಳಿಗೆ ವಂಕಿ, ಸೊಂಟಕ್ಕೆ ಡಾಬು ಧರಿಸುತ್ತಿದ್ದರು. ಬಡ ಕುಟುಂಬಗಳಲ್ಲಿ ಗಾಜಿನ ಬಳೆ, ಮಣಿಸರ ಮತ್ತು ಬೆಳ್ಳಿಯ ಕಾಲುಂಗುರಗಳೇ ಆಭರಣ. ಹೂವಿನ ವಿಷಯದಲ್ಲಿ ಈ ಭೇದ ಅಷ್ಟಾಗಿ ಇರಲಿಲ್ಲ. ಅಬ್ಬಲಿಗೆ, ಮಲ್ಲಿಗೆ, ಸೇವಂತಿಗೆಗಳು ಅಂಗಳದಲ್ಲಿ ಬೆಳೆದರೆ, ಸುರಗಿ ಮತ್ತು ರಂಜಲು ಕಾಡುಮರಗಳ ಹೂಗಳು. ಒಣಗಿದ ಮೇಲೂ ಪರಿಮಳ ಬಿಡದ ಸುರಗಿಯ ಸರವನ್ನು ಹಬ್ಬಗಳಿಗಾಗಿ ತೆಗೆದಿಡುತ್ತಾರೆ.

ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರು ಶಿರಸಿ, ಸಿದ್ದಾಪುರ, ಕುಮಟಾ, ಸಾಗರ, ಸೊರಬ ಪ್ರದೇಶಗಳಲ್ಲಿ ನೆಲೆಸಿದ ಕುಶಲಕರ್ಮಿಗಳು. ನೀರಿನ ನೆಲದಲ್ಲಿ ಬೆಳೆಯುವ ಗಿಡದ ಹಗುರವಾದ ಬಿಳಿಯ ಬೆಂಡನ್ನು ತೆಳುವಾಗಿ ಸೀಳಿ, ಹೂವು ಮತ್ತು ಎಲೆಗಳ ಆಕಾರಕ್ಕೆ ಕತ್ತರಿಸಿ, ವಧೂವರರ ಹಣೆಗೆ ಕಟ್ಟುವ ಬಾಸಿಂಗಗಳನ್ನು ಇವರು ತಯಾರಿಸುತ್ತಾರೆ. ಮದುವೆಯ ಉಡುಪಿನಲ್ಲಿ ಪೂರ್ಣವಾಗಿ ಈ ಸೀಮೆಯಲ್ಲೇ ತಯಾರಾಗುವ ವಸ್ತುಗಳಲ್ಲಿ ಬಾಸಿಂಗ ಪ್ರಮುಖವಾದುದು.

ಜಾತ್ರೆ, ವೇಷ ಮತ್ತು ರಂಗ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಗಳಿಗೊಮ್ಮೆ ನಡೆಯುತ್ತದೆ. ದೇವಿಯ ಕಲ್ಯಾಣೋತ್ಸವದೊಡನೆ ಆರಂಭವಾಗುವ ಜಾತ್ರೆಯಲ್ಲಿ ಸೀರೆ, ಖಣ, ಬಳೆ, ಅಕ್ಕಿ ಮತ್ತು ತೆಂಗಿನಕಾಯಿಗಳಿಂದ ದೇವಿಗೆ ಉಡಿ ತುಂಬುವುದು ಮಹಿಳೆಯರ ಮುಖ್ಯ ಸೇವೆ. ಸುತ್ತಲಿನ ತಾಲೂಕುಗಳ ಜನರಿಗೆ ಬಟ್ಟೆ, ಬಳೆ ಕೊಳ್ಳುವ ದೊಡ್ಡ ಸಂತೆಯಾಗಿಯೂ ಜಾತ್ರೆ ಒದಗುತ್ತ ಬಂದಿದೆ.

ಜಾತ್ರೆ ಇಲ್ಲದ ವರ್ಷ, ಹೋಳಿ ಹುಣ್ಣಿಮೆಗೆ ಮುಂಚಿನ ರಾತ್ರಿಗಳಲ್ಲಿ ಶಿರಸಿಯ ಬೀದಿಗಳಲ್ಲಿ ಬೇಡರ ವೇಷ ನಡೆಯುತ್ತದೆ. ಸೋಂದೆ ಅರಸರ ಕಾಲದ ಮಲ್ಲೇಶಿ ಎಂಬ ಬೇಡನ ಕಥೆ ಇದಕ್ಕೆ ಆಧಾರವ���ಂಬ ಐತಿಹ್ಯವಿದೆ. ವೇಷಧಾರಿ ಕೆಂಪು ಪ್ರಧಾನವಾದ ಉಡುಪು, ಮುಖಕ್ಕೆ ದಟ್ಟ ಬಣ್ಣ, ದೊಡ್ಡ ಮೀಸೆ, ಬೆನ್ನಿಗೆ ನವಿಲುಗರಿಗಳ ಕಟ್ಟು ಧರಿಸಿ, ಕೈಯಲ್ಲಿ ಕತ್ತಿ, ಗುರಾಣಿ ಹಿಡಿದು ತಮಟೆಯ ಬಡಿತಕ್ಕೆ ಕುಣಿಯುತ್ತಾನೆ. ಅವನ ಆವೇಶವನ್ನು ತಡೆಯಲು ಜೊತೆಗಾರರು ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದಿರುತ್ತಾರೆ.

ಯಕ್ಷಗಾನದ ಬಡಗುತಿಟ್ಟು ಈ ಸೀಮೆಯಲ್ಲಿ ಆಳವಾಗಿ ಬೇರೂರಿದೆ. ಕೇದಗೆ ಮುಂದಲೆ, ಕಿರೀಟ, ಎದೆಕಟ್ಟು, ಭುಜಕೀರ್ತಿ, ಕಾಲ್ಗೆಜ್ಜೆಗಳ ಜೊತೆಗೆ ಕೆಂಪು ಮೊದಲಾದ ಬಣ್ಣಗಳ ಚೌಕುಳಿಯ ಕಸೆ ಸೀರೆಯನ್ನು ಕಚ್ಚೆ ಹಾಕಿ ಉಡುವುದು ಇದರ ವೇಷಭೂಷಣದ ಲಕ್ಷಣ. ಮೈಗೆ ಹೊಂದುವಂತೆ ಕತ್ತರಿಸಿ ಹೊಲಿಯುವ ಬದಲು ಸುತ್ತಿ, ಕಟ್ಟಿ, ಬಿಗಿಯುವ ಹಳೆಯ ಉಡುಗೆಯ ಕೌಶಲವನ್ನು ವೇಷ ಕಟ್ಟುವ ಚೌಕಿ ಇಂದಿಗೂ ಉಳಿಸಿಕೊಂಡಿದೆ.

ಉಡುಪು, ಅಂತಸ್ತು ಮತ್ತು ಬದಲಾವಣೆ

ಉಡುಪು ಅಂತಸ್ತಿನ ಗುರುತೂ ಆಗಿತ್ತು. ಒಡೆಯರ ಮುಂದೆ ಗೇಣಿದಾರರು ಹೆಗಲ ವಸ್ತ್ರವನ್ನು ಇಳಿಸಿ ಸೊಂಟಕ್ಕೆ ಸುತ್ತಿಕೊಳ್ಳುವುದು, ಎತ್ತಿ ಕಟ್ಟಿದ ಪಂಚೆಯನ್ನು ಕೆಳಗಿಳಿಸುವುದು ವಿಧೇಯತೆಯ ಲಕ್ಷಣವೆನಿಸಿತ್ತು. ನೆರೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹ ಮತ್ತು 1974ರ ಭೂಸುಧಾರಣೆಯ ನಂತರ ಒಡೆಯ ಮತ್ತು ಗೇಣಿದಾರರ ಸಂಬಂಧ ಬದಲಾದಂತೆ ಇಂಥ ಕಟ್ಟಳೆಗಳೂ ಸಡಿಲವಾದವು. ಅಂಗಿ ತೊಡುವುದು, ಉದ್ದ ಪಂಚೆ ಉಡುವುದು, ಕುಪ್ಪಸ ಹಾಕುವುದು ಅನೇಕರಿಗೆ ಪರಂಪರೆಯ ನಷ್ಟವಲ್ಲ, ಗೌರವದ ಗಳಿಕೆಯಾಗಿತ್ತು.

ಸ್ವಾತಂತ್ರ್ಯ ಚಳವಳಿ ಇನ್ನೊಂದು ಬದಲಾವಣೆಯನ್ನು ತಂದಿತು. 1930ರ ದಶಕದ ಆರಂಭದಲ್ಲಿ ಸಿದ್ದಾಪುರ ಮತ್ತು ಅಂಕೋಲಾ ತಾಲೂಕುಗಳು ಕರನಿರಾಕರಣೆಯ ಕೇಂದ್ರಗಳಾಗಿದ್ದವು. ರೈತರ ಜಮೀನು, ಪಾತ್ರೆಪಗಡಿಗಳನ್ನು ಸರ್ಕಾರ ಜಪ್ತಿ ಮಾಡಿತು. ಮಹಿಳೆಯರೂ ಸತ್ಯಾಗ್ರಹಕ್ಕಿಳಿದರು. ಈ ಹೋರಾಟದೊಡನೆ ಖಾದಿ ಮತ್ತು ಗಾಂಧಿ ಟೊಪ್ಪಿ ಹಳ್ಳಿಗಳಿಗೆ ಬಂದವು. ಜಾತಿಯ ಗುರುತು ಹೇಳದ ಉಡುಪೊಂದು ಈ ಸೀಮೆಯಲ್ಲಿ ವ್ಯಾಪಕವಾಗಿ ಬಳಕೆಗೆ ಬಂದದ್ದು ಆಗ.

ಸದ್ಯದ ಸ್ಥಿತಿ

ರಸ್ತೆ, ಶಾಲೆ, ಸಿದ್ಧ ಉಡುಪುಗಳ ಅಂಗಡಿ ಮತ್ತು ನಗರ ವಲಸೆಯಿಂದಾಗಿ ದಿನಬಳಕೆಯ ಉಡುಪು ಈಗ ರಾಜ್ಯದ ಇತರ ಭಾಗಗಳಂತೆಯೇ ಇದೆ. ಕಂಬಳಿಕೊಪ್ಪೆಯ ಸ್ಥಾನವನ್ನು ಪ್ಲಾಸ್ಟಿಕ್ ಕೊಪ್ಪೆ ಮತ್ತು ರೇನ್‌ಕೋಟ್ ಪಡೆದಿವೆ. ಪ್ಲಾಸ್ಟಿಕ್ ಹಾಳೆಯನ್ನೂ ಕಂಬಳಿಯಂತೆಯೇ ಮಡಚಿ ತಲೆಗೆ ಹಾಕಿಕೊಳ್ಳುವುದರಿಂದ ವಸ್ತು ಬದಲಾದರೂ ರೂಪ ಉಳಿದಿದೆ. ನಾಟಿ ಯಂತ್ರ ಬಂದ ಮೇಲೆ ಮತ್ತು ಗದ್ದೆಗಳು ತೋಟಗಳಾದ ಮೇಲೆ ಗೊರಬು ಹೆಣೆಯುವವರು ವಿರಳರಾಗಿದ್ದಾರೆ. ಹಾಳೆಟೊಪ್ಪಿ ತೋಟಗಳಲ್ಲಿ ಇನ್ನೂ ಬಳಕೆಯಲ್ಲಿದೆ.

ಉಳಿವಿನ ದೃಷ್ಟಿಯಿಂದ ಈ ಪರಂಪರೆಯಲ್ಲಿ ಎರಡು ಬಗೆಗಳನ್ನು ಗುರುತಿಸಬಹುದು. ಪಟ್ಟೆಮಡಿ, ಬಾಸಿಂಗ, ಯಕ್ಷಗಾನದ ವೇಷ, ಬೇಡರ ವೇಷಗಳು ಆಚರಣೆಯ ಬಲದಿಂದ ಮುಂದುವರಿದಿವೆ. ಗೊಬ್ಬೆ ಕಟ್ಟುವುದು, ಗೊರಬು ಹೆಣೆಯುವುದು, ಕಚ್ಚೆ ಹಾಕುವುದು ಮುಂತಾದ ದುಡಿಮೆಯ ಉಡುಪುಗಳಿಗೆ ಅಂಥ ಆಸರೆಯಿಲ್ಲ. ಇವುಗಳ ಜ್ಞಾನ ಪುಸ್ತಕದಲ್ಲಿಲ್ಲ, ಉಡುವವರ ಕೈಯಲ್ಲಿದೆ. ಆ ಪೀಳಿಗೆಯೊಡನೆ ಅದು ಮರೆಯಾಗುವ ಸಾಧ್ಯತೆ ಹೆಚ್ಚು. ಉಡುಪನ್ನಷ್ಟೇ ಸಂಗ್ರಹಿಸದೆ ಉಡುವ ಕ್ರಮವನ್ನೂ ಚಿತ್ರ ಮತ್ತು ವಿವರಣೆಗಳೊಡನೆ ದಾಖಲಿಸಿದರೆ ಮಾತ್ರ ದುಡಿಯುವ ಜನರ ಈ ತಿಳಿವಳಿಕೆ ಮುಂದಿನವರಿಗೆ ದೊರೆಯುತ್ತದೆ.